ಹತ್ತನೆಯ ಮೆತ್ತೆ

ನಮ್ಮನೆಯವರು ಪ್ರತಿ ತಿಂಗಳು ತಮ್ಮ ಸಂಬಳವನ್ನು ತಾವೇ ಕತ್ತರಿಸಿಕೊಳ್ಳುವ ಮನುಷ್ಯ. ಬಸ್ ಕಂಪನಿಯ ಲೆಕ್ಕದ ಕಚೇರಿಯಲ್ಲಿ ಸರಳು ಹಾಕಿದ ಕಿಟಕಿಯ ಹಿಂದೆ ಕೂತು, ಡ್ರೈವರಿನಿಂದ ಹಿಡಿದು ಮ್ಯಾನೇಜರಿನವರೆಗೆ ಎಲ್ಲರ ಸಂಬಳದಲ್ಲೂ ತೆರಿಗೆಯನ್ನು ಮೊದಲೇ ಹಿಡಿದು ಉಳಿದದ್ದನ್ನು ಕೊಡುವುದು ಇವರ ಕೆಲಸ. ಆ ಸಾಲಿನಲ್ಲಿ ಇವರ ಹೆಸರೂ ಬರುತ್ತದೆ. ಬಂದಾಗ ಮುಖ ಒಂದಿಷ್ಟೂ ಬದಲಾಗದೆ ತಮ್ಮದನ್ನೂ ಹಿಡಿದು, ತಮಗೆ ತಾವೇ ಚೀಟಿ ಬರೆದುಕೊಂಡು, ಮಡಿಚಿ ಜೇಬಿಗಿಟ್ಟುಕೊಂಡು ಮನೆಗೆ ಬರುತ್ತಾರೆ. "ಒಂದು ತಿಂಗಳು ಮರ್ತುಬಿಡಿ, ಯಾರು ನೋಡ್ತಾರೆ?" ಎಂದು ನಾನೊಮ್ಮೆ ಅಂದದ್ದಕ್ಕೆ, "ನಾನು ನೋಡ್ತೀನಲ್ಲ" ಎಂದರು. ಇಂಥವರ ಜೊತೆ ಸಂಸಾರ ಮಾಡುವ ಸುಖ ಹೇಳಿದರೆ ಬೇರೆಯವರಿಗೆ ಅರ್ಥವಾಗುವುದಿಲ್ಲ.

ನನ್ನ ತಮ್ಮ ಇದಕ್ಕೆ ಪೂರ್ತಿ ತದ್ವಿರುದ್ಧ. ಸೋಫಾ, ಕುರ್ಚಿ, ಬಸ್ಸಿನ ಸೀಟು, ಒಟ್ಟಿನಲ್ಲಿ ಮನುಷ್ಯ ಕೂರುವಂಥದ್ದು ಏನಿದ್ದರೂ ಅದಕ್ಕೆ ಹೊಸ ಸ್ಪಂಜು ತುಂಬಿ ಹೊದಿಕೆ ಹೊಲಿಯುವುದು ಅವನ ಕಸುಬು. ನಮ್ಮ ಬೀದಿಯ ಕೊನೆಯ ತಗಡಿನ ಶೆಡ್ಡು ಅವನದೇ. ಕೆಲಸದಲ್ಲಿ ಕೈ ಚಿನ್ನ. ದುಡ್ಡಿನ ವಿಷಯದಲ್ಲಿ ಅದೇ ಕೈ ಜರಡಿ. ಕೋಪವಂತೂ ಸದಾ ಮೂಗಿನ ತುದಿಯಲ್ಲಿ. ಅಮ್ಮ ಹೋದಾಗ ಅವನಿನ್ನೂ ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದ ಮಗು; ಹಾಕುತ್ತಿದ್ದವಳು ನಾನು. ಮದುವೆಯಾಗಿ, ಮನೆ ಬೇರೆಯಾಗಿ, ಕಿವಿಯ ಹತ್ತಿರ ಕೂದಲು ಬೆಳ್ಳಗಾದರೂ ಭಾನುವಾರ ಮಧ್ಯಾಹ್ನದ ಊಟಕ್ಕೆ ಹೆಂಡತಿಯನ್ನು ಕರೆದುಕೊಂಡು ನಮ್ಮ ಮನೆಗೇ ಬರುತ್ತಿದ್ದ. ಊಟವಾದ ಮೇಲೆ ಭಾವನ ಜೊತೆ ಜಗಳ ಕಾಯುತ್ತ ಇಸ್ಪೀಟಿನ ಎಲೆಯಾಟ ಆಡುತ್ತಿದ್ದ. ಅದೊಂದು ಭಾನುವಾರಕ್ಕಾಗಿಯೇ ನಾನು ವಾರದ ಉಳಿದ ದಿನಗಳನ್ನು ಸಹಿಸಿಕೊಳ್ಳುತ್ತಿದ್ದೆ ಎಂದರೆ ನಮ್ಮನೆಯವರಿಗೆ ಬೇಜಾರಾಗಬಹುದು. ಆಗಲಿ.

ಬಸ್ ಕಂಪನಿಯವರು ಹಳೆಯ ಬಸ್ಸುಗಳ ಸೀಟುಗಳಿಗೆ ಹೊಸ ಹೊದಿಕೆ ಹಾಕಿಸಲು ಮಾದರಿ ಕೇಳಿದ್ದರು. ತಮ್ಮ ಒಂದು ಸೀಟು ಮಾಡಿಕೊಂಡು ಹೋಗಿ ಇಟ್ಟ. ಮ್ಯಾನೇಜರು ಅದರ ಮೇಲೆ ಕೂತು, ಎದ್ದು, ಮತ್ತೆ ಕೂತು, ಮಧ್ಯಾಹ್ನದವರೆಗೂ ಏಳಲಿಲ್ಲವಂತೆ. ಗುತ್ತಿಗೆ ಸಿಕ್ಕಿತು. ನಮ್ಮನೆಯವರು ಅದರಲ್ಲಿ ಕಿರುಬೆರಳನ್ನೂ ಆಡಿಸಿರಲಿಲ್ಲ. ವಿಷಯ ಅವರಿಗೆ ತಿಳಿದದ್ದೇ ನನ್ನಿಂದ. ಹಗಲೆಲ್ಲ ಹೊಲಿದು ಮೊದಲ ಕಂತಿನ ಸೀಟುಗಳನ್ನು ಒಪ್ಪಿಸಿದ ತಮ್ಮ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಿಲ್ಲಿನ ಹಣಕ್ಕೆ ಕಿಟಕಿಯ ಮುಂದೆ ನಿಂತ.

ಅಲ್ಲಿಂದ ನೇರ ನನ್ನ ಅಡುಗೆಮನೆಗೆ ಬಂದ. ಮುಖ ಕೆಂಪಗಾಗಿತ್ತು.

"ಅಕ್ಕ, ನಿನ್ನ ಗಂಡ ನನ್ನ ದುಡ್ಡಲ್ಲಿ ಹತ್ತರಲ್ಲೊಂದು ಪಾಲು ಮುರ್ಕೊಂಡಿದಾರೆ."

"ಹಿಡಿದಿರ್ತಾರೆ ಕಣೋ. ನಮ್ಮನೆ ಸಂಬಳದಲ್ಲೂ ಹಿಡೀತಾರೆ."

"ಹಿಡೀಲಿ, ಅದೇನು ನನಗೆ ಗೊತ್ತಿಲ್ವಾ? ಬೆಳಿಗ್ಗೆ ಇದೇ ಬೀದೀಲಿ ಸಿಕ್ಕಿದ್ರು. 'ಲೋ, ಇವತ್ತು ಹೀಗೆ ಹಿಡೀತೀನಿ' ಅಂತ ಒಂದು ಮಾತು ಹೇಳೋಕೆ ಬಾಯಿಗೆ ಬೀಗ ಹಾಕಿತ್ತಾ? ಅಲ್ಲಿ ಹೋಗಿ ನಿಂತ್ರೆ ನನ್ನ ಮುಖಾನೇ ನೋಡ್ಲಿಲ್ಲ. 'ತಾವು ಇಲ್ಲಿ ಸಹಿ ಮಾಡಿ' ಅಂದ್ರು. ತಾವಂತೆ, ತಾವು! ನಾನು ಯಾರೋ ದಾರೀಲಿ ಹೋಗೋನು!"

ನಾನು ಕೊಟ್ಟ ನೀರನ್ನೂ ಕುಡಿಯದೆ ಎದ್ದು ಹೋದ. ಆ ಭಾನುವಾರ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ನಮ್ಮನೆಯವರನ್ನು ತರಾಟೆಗೆ ತೆಗೆದುಕೊಂಡೆ. ಅವರು ನಿಧಾನವಾಗಿ ಅಗಿದು ನುಂಗಿ, ಆಮೇಲೆ ಬಾಯಿ ಬಿಟ್ಟರು.

"ದುಡ್ಡು ಪೂರ್ತಿ ಅವನ ಕೈಗೆ ಹೋದ್ಮೇಲೆ ಸರ್ಕಾರ ಬಂದು ನನ್ನ ಪಾಲು ಕೊಡು ಅಂದ್ರೆ, ಅಷ್ಟೊತ್ತಿಗೆ ಅದು ಇರುತ್ತಾ?"

ತಮ್ಮನ ಕೈಯ ಮಹಿಮೆ ಬಲ್ಲ ನಾನು ಅವರ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ.

"ಅದಕ್ಕೇ ಕೊಡೋರಿಗೇ ಹೇಳಿರ್ತಾರೆ, ಒಂದು ಪಾಲು ನೀವೇ ಹಿಡಿದು ನಮಗೆ ಕಳಿಸಿ ಅಂತ. ಕಳಿಸ್ತೀವಿ. ಅದು ಅವನ ಪ್ಯಾನ್ ನಂಬರಿಗೆ, ಅವನ ಹೆಸರಲ್ಲೇ ಜಮಾ ಆಗುತ್ತೆ. ಕಂಪನಿಗೆ ಒಂದು ಕಾಸೂ ಉಳಿಯಲ್ಲ. ನನಗಂತೂ ಮೊದಲೇ ಇಲ್ಲ."

"ಆಮೇಲೆ?"

"ವರ್ಷ ಮುಗಿದ್ಮೇಲೆ ಅವನು ರಿಟರ್ನ್ ಸಲ್ಲಿಸ್ಬೇಕು. ಇಷ್ಟು ಬಂತು, ರೆಕ್ಸಿನ್ನಿಗೆ ಸ್ಪಂಜಿಗೆ ಇಷ್ಟು ಹೋಯ್ತು, ಕೊನೆಗೆ ಉಳಿದದ್ದು ಇಷ್ಟು ಅಂತ. ನಿಜವಾಗಿ ಎಷ್ಟು ತೆರಿಗೆ ಕಟ್ಬೇಕು ಅಂತ ಗೊತ್ತಾಗೋದು ಆಗ. ಹಿಡಿದದ್ದು ಕಮ್ಮಿ ಆಗಿದ್ರೆ ಬಾಕಿ ಕಟ್ತಾನೆ, ಜಾಸ್ತಿ ಆಗಿದ್ರೆ ವಾಪಸ್ ಬರುತ್ತೆ. ಅವನ ಸಂಪಾದನೆಗೆ ಪೂರ್ತಿ ವಾಪಸ್ ಬಂದ್ರೂ ಬಂತು."

"ಪೂರ್ತಿ ವಾಪಸ್ ಕೊಡೋದಾದ್ರೆ ಹಿಡಿಯೋದ್ಯಾಕೆ?"

"ಕಿಟಕಿ ಮುಂದೆ ನಿಂತೋರ ವರ್ಷದ ಸಂಪಾದನೆ ಎಷ್ಟು ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಅವನು ನನ್ನ ತಮ್ಮ ಕಣ್ರೀ! ಅವನ ಅಂಗಿ ಅಳತೇನೂ ನಿಮಗೆ ಗೊತ್ತು!"

"ಮನೇಲಿ ಗೊತ್ತು. ಕಿಟಕೀಲಿ ಗೊತ್ತಿಲ್ಲ" ಎಂದು ಹೇಳಿ ಕೈ ತೊಳೆಯಲು ಎದ್ದರು. ತಟ್ಟೆಯನ್ನು ಎತ್ತಿ ಅವರ ಹಿಂದೆಯೇ ಎಸೆಯಬೇಕು ಅನ್ನಿಸಿತು. ತಟ್ಟೆ ಹೊಸದು, ಸುಮ್ಮನಾದೆ.

ಈ ರಾಮಾಯಣ ಶುರುವಾಗುವ ಮೊದಲೇ ನಮ್ಮ ಹಜಾರದ ಮೆತ್ತೆಗಳನ್ನೆಲ್ಲ ಹೊಸ ಹೊದಿಕೆ ಹಾಕಲು ತಮ್ಮನ ಶೆಡ್ಡಿಗೆ ಕಳಿಸಿದ್ದೆ. ಬೆಂಚಿನವು, ಕುರ್ಚಿಗಳವು ಸೇರಿ ಹತ್ತು. ಒಂದು ಸಂಜೆ ತಮ್ಮನ ಹೆಂಡತಿ ಕೈಗಾಡಿಯಲ್ಲಿ ಅವನ್ನು ತಂದು ಇಳಿಸಿದಳು. ಎಣಿಸಿದರೆ ಒಂಬತ್ತು. ಒಂದಕ್ಕೆ ಗುಂಡುಪಿನ್ನಿನಿಂದ ಚೀಟಿ ಸಿಕ್ಕಿಸಿತ್ತು: "ಹತ್ತರಲ್ಲೊಂದು ಮೂಲದಲ್ಲೇ ಹಿಡಿಯಲಾಗಿದೆ."

"ನಾನೇನು ಮಾಡ್ಲಿ ಅತ್ತಿಗೆ, ಎಷ್ಟು ಹೇಳಿದ್ರೂ ಕೇಳಲ್ಲ" ಎಂದಳು ಅವಳು. ಹೇಳುವಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ನಗುತ್ತಿದ್ದಾಳೆಂದು ಕಣ್ಣಿನಿಂದಲೇ ಗೊತ್ತಾಯಿತು.

ಹಿಡಿದದ್ದು ಯಾವುದನ್ನು? ನಮ್ಮನೆಯವರ ಕುರ್ಚಿಯದನ್ನೇ. ಅದು ಅವರ ಅಪ್ಪನ ಕಾಲದ ಮರದ ಕುರ್ಚಿ. ಮುಂದೆ ಅಗಲ, ಹಿಂದೆ ಕಿರಿದು. ಬೇರೆ ಯಾವ ಮೆತ್ತೆಯೂ ಅದರಲ್ಲಿ ಕೂರುವುದಿಲ್ಲ. ಆ ಸಂಜೆ ಕಚೇರಿಯಿಂದ ಬಂದವರು ಬರೀ ಹಲಗೆಯನ್ನೊಮ್ಮೆ ನೋಡಿದರು, ಚೀಟಿಯನ್ನೊಮ್ಮೆ ನೋಡಿದರು, ಮತ್ತೆ ಹಲಗೆಯ ಮೇಲೇ ಕೂತರು.

"ಬೆಂಚಿನ ಮೇಲೆ ಕೂತ್ಕೊಳ್ಳಿ" ಎಂದೆ.

"ಯಾಕೆ? ಲೆಕ್ಕ ಸರಿಯಾಗೇ ಇದೆ. ಆದ್ರೆ ಹಿಡಿದೋರು ಪ್ರಮಾಣಪತ್ರ ಕೊಡ್ಬೇಕು. ನಾನು ಅವನಿಗೆ ಕೊಟ್ಟಿದೀನಿ. ಅವನು ನನಗೆ ಕೊಟ್ಟಿದಾನಾ?"

ಸಿಟ್ಟಿನ ಭರದಲ್ಲಿ ನಾನು ಹೋಗಿ ಅದನ್ನು ಹಾಗೇ ತಮ್ಮನಿಗೆ ಹೇಳಿಬಿಟ್ಟೆ. ಅವನು ಕೂತಲ್ಲೇ ಒಂದು ತುಂಡು ರೆಕ್ಸಿನ್ನು ಕತ್ತರಿಸಿ, ಗುರುತು ಹಾಕುವ ಸೀಮೆಸುಣ್ಣದಲ್ಲಿ ಬರೆದ: "ಮೆತ್ತೆ ಒಂದು, ಬಣ್ಣ ಕಂದು, ಭಾವನವರದು, ನಮ್ಮಲ್ಲಿ ಇದೆ." ನಮ್ಮನೆಯವರು ಆ ರೆಕ್ಸಿನ್ನನ್ನು ಗಂಭೀರವಾಗಿ ಓದಿ, ದೂಳು ಕೊಡವಿ, ತಮ್ಮ ಫೈಲಿನಲ್ಲಿಟ್ಟರು. ಇಬ್ಬರ ನಡುವೆ ನಾನು ಸಂಬಳವಿಲ್ಲದ ಅಂಚೆಯವಳಾದೆ.

ಹೀಗೇ ತಿಂಗಳುಗಳು ಹೋದವು. ಎರಡನೆಯ ಕಂತಿಗೆ ತಮ್ಮ ಹೊಸ ದರ ಕೊಟ್ಟ, ಕಂಪನಿ ಒಪ್ಪಿತು, ಹಣವೂ ಬಂತು. ಬಂದ ದಿನ ಶೆಡ್ಡಿಗೆ ನನ್ನನ್ನು ಕರೆಸಿದ.

"ಅಕ್ಕ, ನೀನೇ ನ್ಯಾಯ ಹೇಳು. ಈ ಸಲ ನಾನು ಮೊದಲೇ ಹುಷಾರಾಗಿದ್ದೆ. ನೂರು ಬರ್ಬೇಕಾದ ಕಡೆ ನೂರಹತ್ತು ಬರೆದೆ. ಅವರು ಹತ್ತು ಹಿಡ್ಕೊಂಡ್ರೆ ನನ್ನ ನೂರು ನನಗೆ ಬರುತ್ತೆ. ಸರಿನಾ?"

"ಸರಿ."

"ಬಂದಿದ್ದು ತೊಂಬತ್ತೊಂಬತ್ತರ ಲೆಕ್ಕದಲ್ಲಿ! ಆ ಒಂದು ಎಲ್ಲಿ ಹೋಯ್ತು ಹೇಳು? ಮೊದಲನೇ ಸಲ ಸರ್ಕಾರದ ಹೆಸರು ಹೇಳಿದ್ರು. ಈ ಸಲ?"

ನಾನೂ ಬೆರಳು ಮಡಿಚಿ ನೋಡಿದೆ. ಒಂದು ಕಡಿಮೆಯೇ ಬಂತು. ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ, ಕಳ್ಳನನ್ನು ಕೇಳುವ ಹಾಗೆ ಕೇಳಿದೆ. ನಮ್ಮನೆಯವರು ಮೊದಲು ಕಣ್ಣರಳಿಸಿದರು. ಆಮೇಲೆ ನಗಲು ಶುರು ಮಾಡಿದರು. ಹಲಗೆಯ ಮೇಲೆ ಕೂತು ಕೂತು ನಗುವುದನ್ನೇ ಮರೆತಿದ್ದ ಮನುಷ್ಯ ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ನೂರಹತ್ತರಲ್ಲಿ ಹತ್ತರಲ್ಲೊಂದು ಅಂದ್ರೆ ಹನ್ನೊಂದು ಕಣೇ! ಅವನು ಮೇಲೆ ಸೇರಿಸಿದ ಹತ್ತನ್ನ ಬಿಡ್ತೀವಾ? ಅದರ ಮೇಲೂ ಹಿಡೀತೀವಿ. ಆ ಒಂದು ಎಲ್ಲಿಗೂ ಓಡಿಹೋಗಿಲ್ಲ, ಅವನ ಹೆಸರಲ್ಲೇ ಇದೆ ಅಂತ ಹೇಳು ಹೋಗು."

ನನಗೂ ನಗು ಬಂತು. ಆ ನಗುವಿನ ಮುಖ ಹೊತ್ತುಕೊಂಡೇ ಶೆಡ್ಡಿಗೆ ಹೋದದ್ದು ನನ್ನ ತಪ್ಪು. ತಮ್ಮ ಕೇಳಿಸಿಕೊಂಡ, ಎರಡೂ ಕೈಯ ಬೆರಳುಗಳಲ್ಲಿ ಎಣಿಸಿದ, ಲೆಕ್ಕ ಸರಿ ಎಂದು ಅವನಿಗೂ ಗೊತ್ತಾಯಿತು. ಅದಕ್ಕೇ ಇನ್ನಷ್ಟು ಕೋಪ ಬಂತು.

"ಇಬ್ರೂ ಕೂತ್ಕೊಂಡು ನಕ್ರಿ, ಅಲ್ವಾ? ನೀನೂ ಆ ಕಿಟಕಿ ಕಡೆಯೋಳೇ ಅಕ್ಕ" ಎಂದು ಮಷೀನಿನ ಕಡೆ ತಿರುಗಿ ಕೂತ.

ದಾರಿಯುದ್ದಕ್ಕೂ ಅಳುತ್ತ ಮನೆಗೆ ಬಂದೆ. ಅವನು ಬೈದದ್ದಕ್ಕಲ್ಲ. ಅವನು ಹಾಗೆ ಬೆನ್ನು ತಿರುಗಿಸಿ ಕೂತದ್ದನ್ನು ನಾನು ಅವನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ವರ್ಷ ಮುಗಿಯಿತು. ರಿಟರ್ನ್ ಸಲ್ಲಿಸುವ ಕೊನೆಯ ದಿನ ಹತ್ತಿರ ಬಂತು. ತಮ್ಮನ ಹೆಂಡತಿ ಒಂದು ಬೆಳಿಗ್ಗೆ ಹಿತ್ತಲ ಬಾಗಿಲಿನಿಂದ ಬಂದು ಪಿಸುಗುಟ್ಟಿದಳು. "ಅತ್ತಿಗೆ, ಇವರು ಏನೂ ಸಲ್ಲಿಸಲ್ಲ ಅಂತ ಹಟ ಹಿಡಿದಿದಾರೆ. 'ನನ್ನದನ್ನ ತಗೊಂಡೂ ಆಯ್ತು, ಈಗ ನಾನು ಕೈ ಚಾಚ್ಕೊಂಡು ಹೋಗಿ ದಯವಿಟ್ಟು ಕೊಡಿ ಅನ್ಬೇಕಾ? ನಾನೇನು ಭಿಕ್ಷೆ ಬೇಡೋನಾ?' ಅಂತಾರೆ. ದುಡ್ಡು ಹೋದ್ರೆ ಹೋಗ್ಲಿ. ಆದ್ರೆ ಅದು ಹೋಯ್ತು ಅಂದ್ರೆ ಈ ಮನುಷ್ಯ ಜನ್ಮದಲ್ಲಿ ನಿಮ್ಮ ಮನೆ ಹೊಸ್ತಿಲು ತುಳಿಯಲ್ಲ."

ಅವಳು ಹೇಳಿದ್ದು ಅಕ್ಷರಶಃ ನಿಜ. ಅವನನ್ನು ಬೆಳೆಸಿದವಳು ನಾನು, ನನಗೆ ಗೊತ್ತಿಲ್ಲವೇ? ಅವತ್ತು ನಮ್ಮನೆಯವರ ಮುಂದೆ ಕಾಫಿ ಲೋಟವನ್ನು ಕುಕ್ಕಿದೆ.

"ನನಗೆ ನಿಮ್ಮ ಕಾನೂನೂ ಬೇಡ, ಅವನ ದುಡ್ಡೂ ಬೇಡ. ನನ್ನ ತಮ್ಮ ನನ್ನ ಮನೆಗೆ ಬರ್ಬೇಕು. ಅಷ್ಟೇ."

ಅವರು ಲೋಟದ ಸುತ್ತ ಚೆಲ್ಲಿದ ಕಾಫಿಯನ್ನು ಬಟ್ಟೆಯಿಂದ ಒರೆಸಿದರು. ಮೆತ್ತೆಯಿಲ್ಲದ ಕುರ್ಚಿಯನ್ನು ತುಸು ಹೊತ್ತು ನೋಡಿದರು. ಆಮೇಲೆ ಒಂದು ಹಾಳೆ ತೆಗೆದು ಏನೋ ಬರೆಯತೊಡಗಿದರು.

ಮರುದಿನ ಸಂಜೆ ನಾನು, ತಮ್ಮನ ಹೆಂಡತಿ ಶೆಡ್ಡಿನ ಹಿಂಭಾಗದಲ್ಲಿ ರೆಕ್ಸಿನ್ ಸುರುಳಿಗಳ ಮರೆಯಲ್ಲಿ ಕೂತು ಸೋಫಾ ಗುಂಡಿಗಳನ್ನು ಬೇರೆ ಬೇರೆ ಮಾಡುತ್ತಿದ್ದೆವು. ತಮ್ಮ ನನ್ನ ಜೊತೆ ಮಾತಾಡುತ್ತಿರಲಿಲ್ಲ, ಆದರೆ ಬರಬೇಡ ಅಂದಿರಲಿಲ್ಲ. ಆಗ ಬಾಗಿಲಲ್ಲಿ ನಮ್ಮನೆಯವರು ಕಾಣಿಸಿಕೊಂಡರು. ಕಚೇರಿಯ ಅಂಗಿ, ಕಂಕುಳಲ್ಲಿ ಫೈಲು. ಒಳಗೆ ಬರದೆ ಹೊಸ್ತಿಲಾಚೆ ನಿಂತು, ಎರಡೂ ಕೈಯಲ್ಲಿ ಒಂದು ಹಾಳೆ ಮುಂದೆ ಹಿಡಿದರು.

ತಮ್ಮ ಮಷೀನು ನಿಲ್ಲಿಸಿದ. "ಏನದು?"

"ಅರ್ಜಿ. ತಾವು ದಯಮಾಡಿ ನೋಡ್ಬೇಕು."

ತಮ್ಮ ಹಾಳೆ ಇಸಿದುಕೊಂಡು ಗಟ್ಟಿಯಾಗಿ ಓದಿದ. "ಮಾನ್ಯರೇ, ಕಳೆದ ವರ್ಷ ನಾನು ಹತ್ತು ಮೆತ್ತೆಗಳನ್ನು ಕಳಿಸಿದ್ದು, ತಾವು ಮೂಲದಲ್ಲೇ ಒಂದನ್ನು ಹಿಡಿದಿರುತ್ತೀರಿ. ವರ್ಷದ ಲೆಕ್ಕ ನೋಡಲಾಗಿ ನಾನು ತಮಗೆ ಕೊಡಬೇಕಾದ ಮೆತ್ತೆಗಳು ಏನೂ ಇರುವುದಿಲ್ಲ. ಆದ್ದರಿಂದ ಹಿಡಿದ ಮೆತ್ತೆಯನ್ನು ವಾಪಸು ಮಾಡಬೇಕಾಗಿ ಕೋರುತ್ತೇನೆ. ತಮ್ಮ ರೆಕ್ಸಿನ್ ಪ್ರಮಾಣಪತ್ರ ಲಗತ್ತಿಸಿದೆ."

ಫೈಲಿನಿಂದ ಆ ರೆಕ್ಸಿನ್ ತುಂಡೂ ಹೊರಬಂತು. ಸೀಮೆಸುಣ್ಣ ಅರ್ಧ ಅಳಿಸಿಹೋಗಿತ್ತು. ನನ್ನ ಪಕ್ಕದಲ್ಲಿ ತಮ್ಮನ ಹೆಂಡತಿ ಗುಂಡಿಗಳ ಡಬ್ಬಿಯಲ್ಲಿ ಮುಖ ಹುದುಗಿಸಿದಳು. ತಮ್ಮನ ಮೀಸೆ ಅಲುಗಿತು. ಆದರೂ ಪಟ್ಟು ಬಿಡಲಿಲ್ಲ.

"ನಾನು ಕೊಡಲ್ಲ ಅಂದ್ರೆ?"

"ಕೊಡಲೇಬೇಕು."

"ಭಿಕ್ಷೆ ಬೇಡೋಕೆ ಬಂದೋರು ಹೀಗೆ ಜೋರು ಮಾಡ್ತಾರಾ?"

"ಭಿಕ್ಷೆ ಅಲ್ವಲ್ಲ. ಮೆತ್ತೆ ನಂದು. ಇಷ್ಟು ದಿನ ನಿನ್ನ ಹತ್ರ ಇತ್ತು, ಅಷ್ಟೇ. ನಂದನ್ನ ನಾನು ಕೇಳೋಕೆ ಯಾಕೆ ನಾಚ್ಕೋಬೇಕು?" ಎಂದು ಹೇಳಿ ಫೈಲಿನಿಂದ ಮತ್ತೊಂದು ಹಾಳೆ ತೆಗೆದರು. ಅದು ತಮ್ಮನ ರಿಟರ್ನ್. ಹೆಸರು ಮಾತ್ರ ತುಂಬಿತ್ತು. "ನೀನೂ ನಾಚ್ಕೋಬೇಡ."

ತಮ್ಮ ಅದನ್ನು ಮುಟ್ಟಲಿಲ್ಲ. ಆಮೇಲೆ ಅವನ ಒಳಗಿದ್ದದ್ದು ಹೊರಬಂತು.

"ದುಡ್ಡಿನ ಮಾತು ಹಾಗಿರಲಿ ಭಾವ. ಅವತ್ತು ಅಷ್ಟು ಜನದ ಮುಂದೆ ನನ್ನ ತಾವು ಅಂದ್ರಲ್ಲ. ನನ್ನ ಗುರುತೇ ಇಲ್ಲದ ಹಾಗೆ."

ನಮ್ಮನೆಯವರು ಹೊಸ್ತಿಲು ದಾಟಿ ಒಳಗೆ ಬಂದರು.

"ಲೋ, ಅವತ್ತು ನಿನ್ನ ಹಿಂದೆ ಯಾರ್ಯಾರು ನಿಂತಿದ್ರು ನೋಡಿದ್ಯಾ? ಗುತ್ತಿಗೆ ಸಿಗದೆ ಹೋದೋರೂ ಇದ್ರು. ನಾನು 'ಬಾರೋ' ಅಂದಿದ್ರೆ, ಒಂದು ಕಾಸು ಕಮ್ಮಿ ಹಿಡಿದಿದ್ರೆ, ಮೊದಲೇ ನಿನ್ನ ಕಿವೀಲಿ ಒಂದು ಮಾತು ಊದಿದ್ರೆ, ಏನಂತಿದ್ರು? ಭಾವ ಕೊಡಿಸಿದ ಕೆಲಸ ಅಂತಿದ್ರು. ಆ ಸೀಟು ಕೆಲಸ ನೀನು ನಿನ್ನ ಕೈಯಿಂದ ಗೆದ್ದಿದ್ದು. ಅದರಲ್ಲಿ ನನ್ನ ಪಾಲು ಅಂತ ಯಾರೂ ಹೇಳ್ಬಾರ್ದು. ಅದಕ್ಕೇ ನಾನು ನಿನ್ನ ಮುಖ ನೋಡ್ಲಿಲ್ಲ. ನೋಡಿದ್ರೆ ನಕ್ಕುಬಿಡ್ತಿದ್ದೆ. ಅಷ್ಟು ಹೆಮ್ಮೆ ಆಗಿತ್ತು ಕಣೋ ನನಗೆ."

ಇಷ್ಟನ್ನು ನನಗಾದರೂ ಹೇಳಬಾರದಿತ್ತೇ ಈ ಮನುಷ್ಯ? ಒಂದು ವರ್ಷ ಬರೀ ಹಲಗೆಯ ಮೇಲೆ ಕೂತರು, ಬಾಯಿ ಬಿಡಲಿಲ್ಲ. ಸುರುಳಿಗಳ ಹಿಂದೆ ನನಗೆ ಕೋಪವೂ ಅಳುವೂ ಒಟ್ಟಿಗೇ ಬಂದು, ಕೈಯಲ್ಲಿದ್ದ ಗುಂಡಿಗಳು ಚೆಲ್ಲಿ ನೆಲದ ತುಂಬ ಉರುಳಿದವು.

"ಅಕ್ಕ, ನೀನು ಅಲ್ಲೇ ಇದೀಯಾ?" ಎಂದ ತಮ್ಮ. ಎಷ್ಟೋ ದಿನದ ಮೇಲೆ ಅಕ್ಕ ಎಂದಿದ್ದ. ಮೂಗು ಒರೆಸಿಕೊಂಡು, "ಪೆನ್ನು ಕೊಡಿ ಭಾವ, ಎಲ್ಲಿ ಸಹಿ ಹಾಕ್ಬೇಕು?" ಎಂದು ಕೇಳಿದ.

"ಸಹಿ ಆಮೇಲೆ. ಮೊದಲು ಲೆಕ್ಕ. ರೆಕ್ಸಿನ್ ಬಿಲ್ಲೆಲ್ಲ ಎಲ್ಲಿ?"

"ಯಾವ ಬಿಲ್ಲು?"

ನಮ್ಮನೆಯವರು ಹಣೆಗೆ ಕೈ ಹಚ್ಚಿಕೊಂಡರು. ಬಿಲ್ಲುಗಳು ಸಿಕ್ಕಿದ್ದು ಒಂದು ಸೋಫಾದ ಹೊಟ್ಟೆಯೊಳಗೆ. ಸ್ಪಂಜು ಸಾಲದೆ ಬಂದಾಗ ತುರುಕಿದ್ದನಂತೆ. ಹೊಲಿಗೆ ಬಿಚ್ಚಿ ಒಂದೊಂದಾಗಿ ಹೊರತೆಗೆದು, ಇಬ್ಬರೂ ಜಗಳ ಕಾಯುತ್ತ ಲೆಕ್ಕ ಬರೆದರು. ಆ ಜಗಳ ಕೇಳಿ ನನಗೆ ಭಾನುವಾರದ ಹಾಗೆ ಹಸಿವಾಯಿತು.

ಮೆತ್ತೆ ಮಾತ್ರ ಕೂಡಲೇ ಬರಲಿಲ್ಲ. ಕೇಳಿದಾಗಲೆಲ್ಲ ತಮ್ಮ, "ಅರ್ಜಿ ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದ. ಊಟಕ್ಕೂ ಬರಲಿಲ್ಲ. "ನನ್ನ ದುಡ್ಡು ಬರ್ಲಿ, ಇಬ್ಬರ ಲೆಕ್ಕಾನೂ ಒಟ್ಟಿಗೇ ಚುಕ್ತಾ ಆಗ್ಲಿ" ಎಂದ. ಹಟಕ್ಕೂ ಒಂದು ಮಿತಿ ಬೇಡವೇ? ನಾನು ಮತ್ತೆ ಭಾನುವಾರಗಳನ್ನು ನೂಕಿದೆ.

ಒಂದು ಭಾನುವಾರ ಮಧ್ಯಾಹ್ನ ಬಾಗಿಲು ತೆರೆದರೆ, ಎದುರಿಗೆ ಒಂದು ಕಂದು ಬಣ್ಣದ ಮೆತ್ತೆ ಎರಡು ಕಾಲಿನ ಮೇಲೆ ನಿಂತಿತ್ತು. ಅದರ ಹಿಂದಿನಿಂದ ತಮ್ಮನ ದನಿ ಬಂತು. "ಭಾವ, ರಿಫಂಡ್ ಬಂತು! ಪೂರ್ತಿ! ಮೇಲೆ ಒಂದಿಷ್ಟು ಬಡ್ಡೀನೂ ಹಾಕಿದಾರೆ. ಅದಕ್ಕೇ ನಾನೂ ಬಡ್ಡಿ ಸೇರಿಸಿದೀನಿ."

ಸೇರಿಸಿದ್ದು ಸ್ಪಂಜು. ಮೆತ್ತೆ ಹಳೆಯದರ ಮೂರರಷ್ಟು ದಪ್ಪವಾಗಿತ್ತು. ನಮ್ಮನೆಯವರು ಅದನ್ನು ಕುರ್ಚಿಯಲ್ಲಿಟ್ಟು, ಕೈಯೂರಿ ಹತ್ತಿ ಕೂತರು. ಕಾಲು ನೆಲಕ್ಕೆ ಎಟುಕಲಿಲ್ಲ. ಕಚೇರಿಯಲ್ಲಿ ಮ್ಯಾನೇಜರಿನ ಸಂಬಳವನ್ನೂ ಬಿಡದೆ ಕತ್ತರಿಸುವ ನನ್ನ ಗಂಡ ಗಾಳಿಯಲ್ಲಿ ಪಾದ ಆಡಿಸುತ್ತ, "ಬಡ್ಡಿ ಸ್ವಲ್ಪ ಜಾಸ್ತಿ ಆಯ್ತು ಕಣೋ" ಎಂದರು. ತಮ್ಮ, "ಕಮ್ಮಿ ಮಾಡ್ಕೊಡ್ಲಾ?" ಎಂದು ಕೇಳಿದ. "ಬೇಡ, ಇರ್ಲಿ" ಎಂದರು. ಈಗಲೂ ಹಾಗೇ ಕೂರುತ್ತಾರೆ.

ಊಟವಾಯಿತು, ಎಲೆಯಾಟವಾಯಿತು, ಜಗಳವೂ ಆಯಿತು. ಹೊರಡುವಾಗ ತಮ್ಮನ ಕೈಗೆ ನಾನೇ ಮಾಡಿದ ಬಿಸ್ಕತ್ತಿನ ಡಬ್ಬಿ ಕೊಟ್ಟೆ. ಚಿಕ್ಕಂದಿನಿಂದಲೂ ಅವನಿಗೆ ಹತ್ತು ಕೊಡುವುದು ರೂಢಿ. ಅಭ್ಯಾಸಬಲ, ಹೊಸ್ತಿಲಲ್ಲೇ ಮುಚ್ಚಳ ತೆಗೆದು ಎಣಿಸಿದ.

"ಅಕ್ಕ, ಒಂಬತ್ತೇ ಇದೆ."

"ಒಂದನ್ನ ಹಿಡ್ಕೊಂಡಿದೀನಿ. ನಿನ್ನ ಹೆಸರಲ್ಲೇ ಇದೆ. ಮುಂದಿನ ಭಾನುವಾರ ಬಂದು ಕೇಳು."

ಅವನು ಒಂದು ಗಳಿಗೆ ನನ್ನನ್ನೇ ನೋಡಿದ. ಚಿಕ್ಕವನಿದ್ದಾಗ ಅಂಗಿಯ ಗುಂಡಿ ಹಾಕಿಸಿಕೊಳ್ಳುತ್ತ ನೋಡುತ್ತಿದ್ದನಲ್ಲ, ಹಾಗೆ.

"ಬರ್ತೀನಿ" ಎಂದ.

ಬಂದ. ಆಗಲೂ ಒಂದನ್ನು ಹಿಡಿದುಕೊಂಡೆ.